ತಿಥಿ ಗೊತ್ತು, ವರ್ಷ ಗೊತ್ತಿಲ್ಲ

ಏಪ್ರಿಲ್ 8, 2025. ಮಂಗಳವಾರ, ರಾತ್ರಿ 10

ಅಂಗಡಿ ಬಾಗಿಲು ಎಳೆಯುವ ಹೊತ್ತಿಗೆ ಫೋನು. ಗುರುತಿಲ್ಲದ ನಂಬರು. ಮುಂಬೈಯಿಂದ.

"ನಮ್ಮ ತಂದೆಯ ಪ್ರಸಂಗಪುಸ್ತಕ ಜೆರಾಕ್ಸ್ ಹೊಡೆದು ಹಂಚಿದ್ದು ನೀವೇ ಅಲ್ವಾ ಮೇಡಂ?"

ಹೌದೆಂದೆ. ಸುಳ್ಳು ಯಾಕೆ ಹೇಳಲಿ. ಮೂವತ್ತು ಪ್ರತಿ, ಸ್ಪೈರಲ್ ಹಾಕಿ. ಮಕ್ಕಳ ಬೇಸಿಗೆ ಶಿಬಿರದ ಮೇಷ್ಟ್ರು ಪುಸ್ತಕ ತಂದುಕೊಟ್ಟರು, ಮಾಡಿಕೊಟ್ಟೆ. ಲವಕುಶರ ಕಾಳಗ. ಶಿಬಿರದ ಕೊನೆಗೆ ಮಕ್ಕಳು ಆಡುತ್ತಾರೆ.

ಕಾಪಿರೈಟ್ ಇದೆ, ನೂರು ವರ್ಷ ಇರ್ತದೆ, ಜೈಲಿಗೂ ಹಾಕಿಸಬಹುದು ಅಂದರು. ನನ್ನ ಬಾಯಿ ಒಣಗಿತು. ಆದರೆ ಸಿಟ್ಟಿನ ಕೆಳಗೆ ಇನ್ನೇನೋ ಇತ್ತು ಆ ದನಿಯಲ್ಲಿ. ಕೊನೆಗೆ "ಹ್ಯಾಂಡ್‌ಬಿಲ್ಲೂ ನೋಡಿದೆ" ಅಂದು ಫೋನಿಟ್ಟರು.

ಹ್ಯಾಂಡ್‌ಬಿಲ್ಲೂ ನಾನೇ ಮಾಡಿದ್ದು.

ಏಪ್ರಿಲ್ 9, ಬುಧವಾರ

ಪುಸ್ತಕ ಇನ್ನೂ ನನ್ನ ಮೇಜಿನ ಮೇಲೇ ಇದೆ. ಜೆರಾಕ್ಸ್ ಮಾಡುವಾಗ ಪುಟ ನೋಡಿದ್ದೆನೇ ಹೊರತು ಪುಸ್ತಕ ನೋಡಿರಲಿಲ್ಲ. ಇವತ್ತು ನೋಡಿದೆ.

1953ರಲ್ಲಿ ಅಚ್ಚಾದದ್ದು. ಅರವತ್ತನಾಲ್ಕು ಪುಟ. ಕಾಗದ ಹಳದಿಯಾಗಿ ಅಂಚು ಪುಡಿಯಾಗುತ್ತಿದೆ. ಪ್ರತಿ ಪದ್ಯದ ಮೇಲೆ ರಾಗ, ತಾಳ. ನಡುನಡುವೆ ಭಾಮಿನಿ, ವಾರ್ಧಕ. ಯಾರೋ ಭಾಗವತರು ಬಳಸಿದ ಪ್ರತಿ ಇರಬೇಕು. ಪೆನ್ಸಿಲಿನಲ್ಲಿ ಕೆಲವು ಪದ್ಯ ಹೊಡೆದುಹಾಕಿದ್ದಾರೆ. 41ನೇ ಪುಟದ ಅಂಚಿನಲ್ಲಿ ನೇರಳೆ ಶಾಯಿಯ ನಾಲ್ಕು ಸಾಲು, ಅಚ್ಚಿನಲ್ಲಿ ಇಲ್ಲದ ಪದ್ಯ. ಕುಶ ಬಾಣ ಹೂಡುವ ಮೊದಲು ತಾಯಿಯನ್ನು ನೆನೆಯುವುದು. ಮೇಷ್ಟ್ರು ಅದನ್ನೂ ಮಕ್ಕಳಿಗೆ ಕಲಿಸುತ್ತಿದ್ದಾರೆ. ಪುಸ್ತಕದಲ್ಲಿರುವ ಪದ್ಯಗಳಿಗಿಂತ ಅದೇ ಚೆನ್ನಾಗಿದೆ. ಹೀಗೆ ಬರೆಯಬಾರದೇನೋ.

ಎರಡನೇ ಪುಟದಲ್ಲಿ: ಸರ್ವ ಹಕ್ಕುಗಳೂ ಪ್ರಕಾಶಕರವು. ಹಾಗಾದರೆ ಮಗ ಯಾವ ಹಕ್ಕು ಕೇಳುತ್ತಿದ್ದಾರೆ?

ಇಪ್ಪತ್ತೆರಡು ವರ್ಷದಿಂದ ಡಿಟಿಪಿ ಮಾಡುತ್ತಿದ್ದೇನೆ. ಬೇರೆಯವರ ಅಕ್ಷರ ಟೈಪ್ ಮಾಡಿ, ಪ್ರತಿ ತೆಗೆದು ಹೊಟ್ಟೆ ಹೊರೆದವಳು. ಈ ಕಾನೂನು ನನಗೆ ಗೊತ್ತಿಲ್ಲವಲ್ಲ.

ಏಪ್ರಿಲ್ 11, ಶುಕ್ರವಾರ

ಪರಿಚಯದ ವಕೀಲರ ಹತ್ತಿರ ಹೋದೆ. ಒಳ್ಳೆಯವರು. ಪಾಲುಪಟ್ಟಿ, ಅತಿಕ್ರಮಣ, ಅಪಘಾತ ಪರಿಹಾರ, ಇವೇ ಅವರಿಗೆ ದಿನವಿಡೀ. "ಕಾಪಿರೈಟ್ ಕೇಸು ನಾನು ನಡೆಸಿಲ್ಲ ಅಕ್ಕಾ. ಓದದೆ ಹೇಳಿದರೆ ನಿಮಗೇ ತೊಂದರೆ." ದುಡ್ಡು ತಗೊಳ್ಳಲಿಲ್ಲ. ಗೊತ್ತಿಲ್ಲ ಎಂದು ಹೇಳಿದ ಮೊದಲ ಮನುಷ್ಯ ಅವರೇ.

ಉಳಿದವರಿಗೆಲ್ಲ ಗೊತ್ತು. ಹತ್ತು ಪರ್ಸೆಂಟ್ ಜೆರಾಕ್ಸ್ ಮಾಡಬಹುದು ಅಂತ ಸ್ಟೇಷನರಿಯವನು. ಪುಸ್ತಕ ರಿಜಿಸ್ಟರ್ ಆಗಿರದಿದ್ದರೆ ಕಾಪಿರೈಟೇ ಇಲ್ಲ ಅಂತ ಇನ್ನೊಬ್ಬರು. ಮೂವತ್ತು ಸೆಕೆಂಡಿನೊಳಗಿನ ಹಾಡಿಗೆ ಕೇಸಾಗುವುದಿಲ್ಲ ಅಂತ ವಾಟ್ಸ್ಯಾಪ್. ಮಗಳು ಬೆಂಗಳೂರಿನಿಂದ ಫೋನಿನಲ್ಲೇ ಹುಡುಕಿ ಹೇಳಿದಳು: ಬರೆದವರು ತೀರಿಕೊಂಡ ಮೇಲೆ 70 ವರ್ಷ.

ನೂರು, ಎಪ್ಪತ್ತು. ಯಾವುದು?

ಏಪ್ರಿಲ್ 12, ಶನಿವಾರ

ಬೆಳಿಗ್ಗೆಯ ಬಸ್ಸಿಗೆ ಕುಮಟಾ. ಗೆಳತಿಯ ಯಜಮಾನರು ಕಾಲೇಜಿನ ಲೈಬ್ರರಿಯಲ್ಲಿ ಕೂರಲು ವ್ಯವಸ್ಥೆ ಮಾಡಿಕೊಟ್ಟಿದ್ದರು. ಕಾನೂನಿನ ಕಪಾಟು ಒಂದೇ. ಅದರಲ್ಲಿ ಕೃತಿಸ್ವಾಮ್ಯದ ಮೇಲೆ ಒಂದು ಪುಸ್ತಕ, ದಪ್ಪ ರಟ್ಟು, ಗೌರವ ಹುಟ್ಟಿಸುವಂಥದ್ದು. ಅದರಲ್ಲಿ 50 ವರ್ಷ!

ಖುಷಿಯಾಯಿತು. ಆ ಕವಿ ತೀರಿಕೊಂಡು ಐವತ್ತು ವರ್ಷದ ಮೇಲಾಗಿದೆ ಅಂತ ಮೇಷ್ಟ್ರು ಹೇಳಿದ್ದರು. ಪುಟವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಮಾಸ್ತಿಕಟ್ಟೆಯಲ್ಲಿ ಕಬ್ಬಿನಹಾಲು ಕುಡಿದು, ಬಸ್ಸಿನಲ್ಲಿ ನಿದ್ದೆಯೂ ಬಂತು.

ಏಪ್ರಿಲ್ 13, ಭಾನುವಾರ, ರಾತ್ರಿ 1

ನಿದ್ದೆ ಹೋಯಿತು.

ಸಂಜೆ ಸರ್ಕಾರದ ಇಂಡಿಯಾ ಕೋಡ್ ಸೈಟಿನಲ್ಲಿ ಕಾಯ್ದೆಯನ್ನೇ ತೆಗೆದೆ. 1957ರದ್ದು, ಜಾರಿಯಾದದ್ದು 1958ರ ಜನವರಿ 21ಕ್ಕೆ. 22ನೇ ಕಲಂ ಅರವತ್ತು ವರ್ಷ ಎನ್ನುತ್ತದೆ. ಹಾಗಾದರೆ ಲೈಬ್ರರಿಯ ಪುಸ್ತಕ? ಅದರ ಮೊದಲ ಪುಟದ ಫೋಟೋ ಫೋನಿನಲ್ಲಿತ್ತು. 1980ರ ದಶಕದ್ದು. ಆಗ ಐವತ್ತೇ ಇತ್ತು. ರವೀಂದ್ರನಾಥ ಠಾಕೂರರು ತೀರಿಕೊಂಡದ್ದು 1941ರಲ್ಲಿ. 1991 ಮುಗಿದರೆ ಅವರ ಕೃತಿಗಳ ಹಕ್ಕೂ ಮುಗಿಯುವುದಿತ್ತು. ಆ ಹೊತ್ತಿಗೆ ತಿದ್ದುಪಡಿ ಮಾಡಿ ಹತ್ತು ವರ್ಷ ಸೇರಿಸಿದರು. ಪುಸ್ತಕ ಬರೆದವರ ತಪ್ಪಿಲ್ಲ. ಅವರ ಕಾಲಕ್ಕೆ ಅದು ಸರಿ. ಮಗಳು ಹೇಳಿದ ಎಪ್ಪತ್ತೂ ಸರಿಯೇ, ಅಮೆರಿಕ ಯುರೋಪಿಗೆ. ಮುಂಬೈಯವರ ನೂರು ಎಲ್ಲಿಂದ ಬಂತೋ.

ಇನ್ನುಮುಂದೆ ಏನೇ ಓದಿದರೂ ಮೊದಲು ಎರಡು ಪ್ರಶ್ನೆ ಬರೆದುಕೊಳ್ಳುವುದು: ಯಾವ ದೇಶದ್ದು? ಯಾವ ವರ್ಷದ್ದು?

ನೋಂದಣಿ ಕಡ್ಡಾಯವಲ್ಲ. ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ. ಹತ್ತು ಪರ್ಸೆಂಟ್, ಮೂವತ್ತು ಸೆಕೆಂಡ್ ಎಂಬ ಅಳತೆ ಕಾಯ್ದೆಯಲ್ಲಿ ಎಲ್ಲೂ ಸಿಗಲಿಲ್ಲ.

ಇಂಗ್ಲಿಷ್ ಕಷ್ಟ. ಒಂದು ವಾಕ್ಯ ಅರ್ಧ ಪುಟ. ಡಿಕ್ಷನರಿ ಮಗ್ಗುಲಲ್ಲಿ ಇಟ್ಟುಕೊಂಡು ಹತ್ತು ಸಲ ಓದಿದ್ದು: ಕವಿ ತೀರಿಕೊಂಡ ದಿನ ಯಾವುದಾದರೂ ಆಗಲಿ, ಲೆಕ್ಕ ಮುಂದಿನ ಜನವರಿ ಒಂದರಿಂದ. ತಾರೀಕು ಬೇಡ, ತಿಂಗಳು ಬೇಡ. ವರ್ಷ ಒಂದೇ ಬೇಕು.

ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963. ಅವರ ಪದ್ಯಗಳು 2024ರ ಜನವರಿ 1ರಿಂದ ಎಲ್ಲರದ್ದು. ಕಾರಂತರು 1997, ಅಂದರೆ 2057 ಮುಗಿಯುವ ತನಕ. ದಿನಕರ ದೇಸಾಯಿಯವರ ಚುಟುಕ 2042ರ ತನಕ. ಎಷ್ಟು ಆಮಂತ್ರಣಪತ್ರಿಕೆಗಳಲ್ಲಿ ಹಾಕಿದ್ದೇನೋ ಅವರ ಚುಟುಕ.

ನಮ್ಮ ಕವಿ ಯಾವ ವರ್ಷ?

ಏಪ್ರಿಲ್ 15, ಮಂಗಳವಾರ

ಮಧ್ಯಾಹ್ನ ಕರೆಂಟ್ ಇಲ್ಲ. ಸೆಕೆ. ಕಾಯ್ದೆಯ ಪ್ರಿಂಟ್ ತೆಗೆದದ್ದನ್ನು ಬಾಗಿಲ ಬೆಳಕಿಗೆ ಹಿಡಿದು ಓದಿದೆ.

63ನೇ ಕಲಂ. ಗೊತ್ತಿದ್ದೂ ಹಕ್ಕು ಮುರಿದರೆ ಆರು ತಿಂಗಳಿಂದ ಮೂರು ವರ್ಷ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷ ದಂಡ. ಜಾಮೀನು ಹಕ್ಕಾಗಿ ಸಿಗದ ಅಪರಾಧ ಇದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೈ ತಣ್ಣಗಾಯಿತು. ಗೊತ್ತಿದ್ದೂ ಎನ್ನುವ ಮಾತಿಗೇ ಜೋತುಬಿದ್ದಿದ್ದೇನೆ. ಏಪ್ರಿಲ್ 8ರ ರಾತ್ರಿಯವರೆಗೆ ನನಗೆ ಗೊತ್ತಿರಲಿಲ್ಲ. ಈಗ ಗೊತ್ತು. ಈಗ ಮೇಷ್ಟ್ರು ಇನ್ನೂ ಐದು ಪ್ರತಿ ಕೇಳಿದರೆ?

ಪ್ರದರ್ಶಕ ಎಂದರೆ ಯಾರು ಎಂಬ ವಿವರಣೆಯಲ್ಲಿ ನಟ, ಗಾಯಕ, ಕುಣಿಯುವವ, ದೊಂಬರಾಟದವ, ಹಾವಾಡಿಗ ಕೂಡ ಇದ್ದಾರೆ. ಹಾವಾಡಿಗನನ್ನು ಮರೆಯದ ಕಾನೂನು. ಸ್ವಲ್ಪ ಸಮಾಧಾನ ಆಯಿತು, ಯಾಕೆಂದು ಗೊತ್ತಿಲ್ಲ.

ಏಪ್ರಿಲ್ 16, ಬುಧವಾರ

ಮೇಷ್ಟ್ರು ಬಂದರು. ಐದು ಪ್ರತಿ. ಯಂತ್ರ ಕೆಟ್ಟಿದೆ ಎಂದೆ. ಕೆಟ್ಟಿರಲಿಲ್ಲ.

ಏಪ್ರಿಲ್ 17, ಗುರುವಾರ, ರಾತ್ರಿ

ನನ್ನಂಥವರದ್ದೇ ಒಂದು ಕೇಸು ಸಿಕ್ಕಿತು. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿ, ರಾಮೇಶ್ವರಿ. ಪಾಠಕ್ಕೆ ಬೇಕಾದ ಅಧ್ಯಾಯಗಳನ್ನು ಪ್ರತಿ ಮಾಡಿ ಕಟ್ಟು ಕಟ್ಟಿ ವಿದ್ಯಾರ್ಥಿಗಳಿಗೆ ಮಾರುತ್ತಿದ್ದರು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಆ್ಯಂಡ್ ಫ್ರಾನ್ಸಿಸ್ ಸೇರಿ ಕೇಸು ಹಾಕಿದರು. 2016ರ ಸೆಪ್ಟೆಂಬರ್ 16ಕ್ಕೆ ದೆಹಲಿ ಹೈಕೋರ್ಟ್ ದಾವೆ ವಜಾ ಮಾಡಿತು. ಬೋಧನೆಗಾಗಿ ಮಾಡಿಕೊಂಡ ಪ್ರತಿ, 52ನೇ ಕಲಮಿನ ವಿನಾಯಿತಿ ಎಂದು. ಡಿಸೆಂಬರಿನಲ್ಲಿ ಇಬ್ಬರು ನ್ಯಾಯಾಧೀಶರ ಪೀಠ ಮತ್ತೆ ವಿಚಾರಣೆಗೆ ಕಳಿಸಿದರೂ ಆ ಮುಖ್ಯ ಮಾತನ್ನು ಒಪ್ಪಿಕೊಂಡಿತು.

ಪತ್ರಿಕೆಯ ವರದಿ ಓದಿದಾಗ ಅಂಗಡಿ ಗೆದ್ದಿತು ಎಂದಷ್ಟೇ ತಿಳಿದಿದ್ದೆ. ಡಿಸೆಂಬರಿನದು ಅದರಲ್ಲಿ ಇರಲಿಲ್ಲ. ತೀರ್ಪು ಓದಿದ ಮೇಲೆ ಗೊತ್ತಾದದ್ದು. ತೀರ್ಪುಗಳನ್ನು ಯಾರು ಬೇಕಾದರೂ ಓದಬಹುದು, ಪ್ರತಿ ಮಾಡಬಹುದು. ಸುಪ್ರೀಂ ಕೋರ್ಟಿನವು ಇ-ಎಸ್‌ಸಿಆರ್‌ ಸೈಟಿನಲ್ಲಿ ಪುಕ್ಕಟೆ.

ಆದರೆ ಬೇಸಿಗೆ ಶಿಬಿರ ಶಾಲೆಯೇ? ಮಕ್ಕಳಿಂದ ಐನೂರು ರೂಪಾಯಿ ತಗೊಂಡಿದ್ದಾರೆ. ಅಲ್ಲಿ ಅಧ್ಯಾಯ, ಇಲ್ಲಿ ಇಡೀ ಪುಸ್ತಕ.

ಏಪ್ರಿಲ್ 19, ಶನಿವಾರ

ಭಟ್ಕಳ. ಕಾಸರಕೋಡು, ಮಂಕಿ, ಶಿರಾಲಿ, ಉದ್ದಕ್ಕೂ ಹೈವೇ ಧೂಳು. ಹಳೇ ಪ್ರೆಸ್ಸಿನ ಸಾಹೇಬರನ್ನು ನೋಡಲು. ನಾನು ಕೆಲಸ ಕಲಿಯುವ ಕಾಲದಲ್ಲಿ ನಮ್ಮೂರಿನ ರಟ್ಟು ಕಟ್ಟುವ ಕೆಲಸವೆಲ್ಲ ಅವರಿಗೇ ಹೋಗುತ್ತಿತ್ತು. ಈಗ ಎಂಬತ್ತರ ಮೇಲೆ. ಮನೆಮಾತು ನವಾಯತಿ, ಕನ್ನಡದ ಮೊಳೆಗಳನ್ನು ಕಣ್ಣುಮುಚ್ಚಿ ಜೋಡಿಸುತ್ತಿದ್ದ ಕೈ.

ಪುಸ್ತಕ ಕೊಟ್ಟೆ. ಓದಲಿಲ್ಲ, ಮೂಗಿಗೆ ಹಿಡಿದರು. ಆಮೇಲೆ ಪುಟದ ಬೆನ್ನಿನ ಮೇಲೆ ಬೆರಳಾಡಿಸಿ ಅಚ್ಚಿನ ಗುಳಿ ನೋಡಿದರು. "ಮೊಳೆ ಸವೆದಿದೆ ಬೇಟಿ. ಇದು ಬಡ ಪ್ರೆಸ್ಸು."

ಹಕ್ಕಿನ ಮಾತು ಕೇಳಿದೆ. ಆ ಕಾಲದಲ್ಲಿ ಕವಿಗೆ ಕೈಗೆ ಒಂದಿಷ್ಟು ದುಡ್ಡು, ಇಪ್ಪತ್ತೈದು ಪ್ರತಿ. ಮುಗಿಯಿತು. ಕಾಗದಪತ್ರ? ನಕ್ಕರು. "ಮಾತು."

19ನೇ ಕಲಂ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಬೇಕು. ಆದರೆ 1953ರಲ್ಲಿ ಈ ಕಾಯ್ದೆಯೇ ಇರಲಿಲ್ಲ. ಇದ್ದದ್ದು ಬ್ರಿಟಿಷರ ಕಾಲದ 1914ರದ್ದು. ಅದನ್ನೂ ಓದಬೇಕು. ಹಕ್ಕು ಪ್ರಕಾಶಕರದ್ದೋ ಮನೆಯವರದ್ದೋ, ಆ ಪ್ರೆಸ್ಸೂ ಇಲ್ಲ, ಕಾಗದವೂ ಇಲ್ಲ.

ಹೊರಡುವಾಗ ಅವರ ಸೊಸೆ ಮಲ್ಲಿಗೆ ಮಾಲೆ ಕೊಟ್ಟರು. ಬಸ್ಸು ತುಂಬ ಪರಿಮಳ.

ಏಪ್ರಿಲ್ 20, ಭಾನುವಾರ

ಕಾರಂತರ ಕೇಸಿನ ತೀರ್ಪು ಪೂರ್ತಿ ಓದಿದೆ. ಇಷ್ಟು ದಿನ ಬರೇ ಸುದ್ದಿಯಾಗಿ ಕೇಳಿದ್ದು. ಕಾರಂತರು ಯಕ್ಷಗಾನವನ್ನು ತಿದ್ದಿ, ಬ್ಯಾಲೆಯ ರೂಪ ಕೊಟ್ಟು ಏಳು ಪ್ರಸಂಗ ರಚಿಸಿದ್ದರು. 1994ರ ಜೂನ್ 18ರ ಉಯಿಲಿನಲ್ಲಿ ಹಕ್ಕುಗಳನ್ನು ಮಾಲಿನಿ ಮಲ್ಯರಿಗೆ ಬರೆದಿಟ್ಟರು. 2001ರ ಸೆಪ್ಟೆಂಬರಿನಲ್ಲಿ ಮಣಿಪಾಲದ ಸಂಸ್ಥೆಯ ಯಕ್ಷಗಾನ ಕೇಂದ್ರದವರು ದೆಹಲಿಯಲ್ಲಿ ಅಭಿಮನ್ಯು ವಧೆ ಆಡಿದರು. ಕೇಸು ಉಡುಪಿಯಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ. 2009ರ ಜನವರಿ 23ಕ್ಕೆ ತೀರ್ಪು. ಹಕ್ಕು ಮಾಲಿನಿ ಮಲ್ಯರದ್ದೇ. ಆದರೆ 52ನೇ ಕಲಮಿನ ವಿನಾಯಿತಿಗಳು ಉಳಿಯುತ್ತವೆ: ಪಾಠದ ಭಾಗವಾಗಿ ಆಡಿದರೆ, ಹವ್ಯಾಸಿಗಳು ದುಡ್ಡು ತೆಗೆದುಕೊಳ್ಳದೆ ಆಡಿದರೆ ತಡೆಯಿಲ್ಲ.

ಅಂದರೆ ಮಕ್ಕಳ ಆಟಕ್ಕೆ ಬಹುಶಃ ತೊಂದರೆಯಿಲ್ಲ. ಪ್ರವೇಶ ಉಚಿತ. ಬಹುಶಃ ಎಂದೇ ಬರೆಯುತ್ತೇನೆ. ನನ್ನ ಮೂವತ್ತು ಪ್ರತಿ ಬೇರೆ ಮಾತು.

ಲವಕುಶರ ಕಥೆ ಯಾರದ್ದೂ ಅಲ್ಲ. ಕಥೆಗೆ, ವಿಚಾರಕ್ಕೆ ಹಕ್ಕಿಲ್ಲ, ಅದನ್ನು ಹೇಳಿದ ಮಾತಿಗೆ ಹಕ್ಕು ಅಂತ 1978ರ ಇನ್ನೊಂದು ತೀರ್ಪಿನಲ್ಲಿದೆ, ಆರ್. ಜಿ. ಆನಂದ್ ಅವರ ನಾಟಕದ ಕೇಸಿನಲ್ಲಿ. ವಾಲ್ಮೀಕಿ ಕಟ್ಟಿದ್ದನ್ನು ಆ ಇಬ್ಬರು ಮಕ್ಕಳು ರಾಮನ ಎದುರು ಹಾಡುತ್ತಾರೆ. ಚಿನ್ನ ಕೊಡಿಸ ಹೋದರೆ ಕಾಡಿನವರಿಗೆ ಯಾಕೆ ಎಂದು ಬೇಡವೆನ್ನುತ್ತಾರೆ. ಕಾವ್ಯ ಯಾರು ಮಾಡಿದ್ದು ಎಂದು ಕೇಳಿದಾಗ ಮಾತ್ರ ವಾಲ್ಮೀಕಿಯ ಹೆಸರು ಹೇಳುತ್ತಾರೆ.

ಏಪ್ರಿಲ್ 27, ಭಾನುವಾರ

ಮುಂಬೈಯವರ ಅಕ್ಕ ಕುಮಟಾದ ಹತ್ತಿರ ಇದ್ದಾರೆಂದು ಮೇಷ್ಟ್ರಿಂದ ತಿಳಿಯಿತು. ಹೋದೆ. ಎಪ್ಪತ್ತು ದಾಟಿದ ಹೆಂಗಸು. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು.

"ಬಾರೆ ತಂಗಿ. ಆಸ್ರಿಗೆ ಎಂತ ಅಡ್ಡಿಲ್ಲೆ?"

ಪುನರ್ಪುಳಿ ಪಾನಕ. ಪುಸ್ತಕ ಕೊಟ್ಟೆ. ಹೆಸರಿದ್ದ ಪುಟದ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂತರು. ಮನೆಯಲ್ಲಿ ಒಂದು ಪ್ರತಿಯೂ ಉಳಿದಿಲ್ಲವಂತೆ.

ಅವರು ತೀರಿಕೊಂಡದ್ದು ಯಾವಾಗ ಎಂದು ಕೇಳಿದೆ.

"ಅಪ್ಪಯ್ಯನ ತಿಥಿ ಮಾರ್ಗಶಿರ ಶುದ್ಧ ದ್ವಾದಶಿ. ತಮ್ಮ ಮುಂಬೈಯಿಂದ ಬಂದು ಮಾಡ್ತ. ಒಂದ್ ವರ್ಷನೂ ತಪ್ಪಿಸಿದ್ದಿಲ್ಲೆ."

ವರ್ಷ?

"ವರ್ಷ ನೆಂಪಿಲ್ಲೆ."

ಕ್ರೋಧಿ ಸಂವತ್ಸರವೋ ವಿಶ್ವಾವಸುವೋ ಅಂದರು. ಕ್ರೋಧಿಯಾದರೆ 1964ರ ಡಿಸೆಂಬರ್. ಹಕ್ಕು ಹೋದ ಡಿಸೆಂಬರ್ 31ಕ್ಕೆ ಮುಗಿದಿದೆ. ವಿಶ್ವಾವಸುವಾದರೆ 1965, ಈ ವರ್ಷದ ಕೊನೆತನಕ ಇದೆ. ಈ ಯುಗಾದಿಗೆ ಮತ್ತೆ ವಿಶ್ವಾವಸು ಬಂದಿದೆ. ಅರವತ್ತು ವರ್ಷದ ಚಕ್ರ. ಕಾಯ್ದೆಯದ್ದೂ ಅರವತ್ತೇ. ಜಗಲಿಯಲ್ಲಿ ಕೂತು ಬೆರಳು ಮಡಚಿ ಎಣಿಸುವಾಗ ಮೈ ಜುಮ್ಮೆಂದಿತು.

ಶಾಸ್ತ್ರಿಗಳು ಪ್ರಧಾನಿಯಾಗಿದ್ದಾಗ ಎಂದರು. ಎರಡೂ ಡಿಸೆಂಬರಿನಲ್ಲಿ ಅವರೇ. ಒಳಗೆ ಟೀವಿಯಲ್ಲಿ ಪಹಲ್ಗಾಮ್ ದಾಳಿ, ಯುದ್ಧ ಆಗುತ್ತದೋ ಇಲ್ಲವೋ ಎಂಬ ಮಾತು. ಅವರು ಆ ಕಡೆ ತಿರುಗಿದರು. "ಆಗೂ ಹಿಂಗೇ. ಅಪ್ಪಯ್ಯ ಹಾಸಿಗೆ ಹಿಡಿದು ಮಲಗಿದ್ದಾಗ ಪಕ್ಕದ ಮನೆ ರೇಡಿಯೋದಲ್ಲಿ ಯುದ್ಧದ ಸುದ್ದಿ." ಪಾಕಿಸ್ತಾನದ ಯುದ್ಧವಾದರೆ 1965. ಚೀನಾದ್ದಾದರೆ 62, ಬೇರೆ ಯಾವಾಗಲೋ ಮಲಗಿದ್ದು. ತಮ್ಮನಿಗೆ ಆಗ ಮೂರೋ ನಾಲ್ಕೋ. ಅವರ ಹುಟ್ಟಿದ ತಾರೀಕು ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದದ್ದು, ಅದನ್ನು ನಂಬುವ ಹಾಗಿಲ್ಲ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಹಳೇ ಮರಣದ ರಿಜಿಸ್ಟರು ಏನಾದರೂ ಇದ್ದರೆ ನೋಡಿಕೊಡಿ ಎಂದು ಅರ್ಜಿ ಬರೆದಿದ್ದೇನೆ.

ನೇರಳೆ ಶಾಯಿಯ ಪದ್ಯ ತೋರಿಸಿದೆ. ಕನ್ನಡಕ ಹಾಕಿ ಎರಡು ಸಲ ಓದಿದರು. "ಇದು ಅಪ್ಪಯ್ಯನ ಅಕ್ಷರ ಅಲ್ಲ. ಆದ್ರೆ ಹಾಡ್ತಿದ್ದಿದ್ದು ನೆಂಪಿದ್ದು."

ಹೊರಡುವಾಗ ಹ್ಯಾಂಡ್‌ಬಿಲ್ ಇದೆಯಾ ಎಂದು ಕೇಳಿದರು. ಬ್ಯಾಗಿನಲ್ಲಿತ್ತು. ಕೊಟ್ಟೆ. ಮೇಲಿಂದ ಕೆಳಗೆ ಓದಿದರು, ತಿರುಗಿಸಿ ಹಿಂದೆ ನೋಡಿದರು, ಮಡಚಿ ವಾಪಸ್ ಕೊಟ್ಟರು. ಏನೂ ಹೇಳಲಿಲ್ಲ.

ಅದೇ ದಿನ, ರಾತ್ರಿ

ಫೈಲ್ ತೆಗೆದು ನೋಡಿದೆ. ಶಿಬಿರದ ಹೆಸರು. ಪ್ರಸಂಗದ ಹೆಸರು. ನಿರ್ದೇಶನ ಮೇಷ್ಟ್ರು. ಭಾಗವತಿಕೆ, ಮದ್ದಳೆ, ಚಂಡೆ, ವೇಷಭೂಷಣ, ಧ್ವನಿ ಬೆಳಕು, ಫ್ಲೆಕ್ಸ್ ಕೊಟ್ಟವರು, ಐಸ್‌ಕ್ರೀಮ್ ಕೊಡುವವರು.

ಮೇಷ್ಟ್ರು ಕೊಟ್ಟ ಚೀಟಿಯೂ ಡ್ರಾಯರಿನಲ್ಲಿದೆ. ಅದರಲ್ಲಿ "ಪದ್ಯರಚನೆ" ಎಂದು ಕವಿಯ ಹೆಸರಿದೆ. ಐಸ್‌ಕ್ರೀಮಿನವರ ಜಾಹೀರಾತು ಆಮೇಲೆ ಬಂತು. ಜಾಗ ಸಾಲದೆ ಒಂದು ಸಾಲು ತೆಗೆದೆ. ನಾನೇ.

ಏಪ್ರಿಲ್ 28, ಸೋಮವಾರ

57ನೇ ಕಲಂ. ಮೊದಲೂ ಕಣ್ಣಾಡಿಸಿದ್ದೆ, ನನಗಲ್ಲ ಎಂದು ದಾಟಿದ್ದೆ.

ಕೃತಿಸ್ವಾಮ್ಯ ಮಾರಿದ್ದರೂ, ಕೊಟ್ಟಿದ್ದರೂ, ಇದು ನನ್ನದು ಎಂದು ಹೇಳುವ ಹಕ್ಕು ಬರೆದವನದ್ದೇ. ಕವಿ ಸತ್ತ ಮೇಲೆ ಹೆಸರಿನ ಹಕ್ಕನ್ನು ಮನೆಯವರು ಕೇಳುವಂತಿಲ್ಲ ಎಂದು ಹಿಂದೆ ಇತ್ತು. ಆ ಮಾತನ್ನು 2012ರ ತಿದ್ದುಪಡಿಯಲ್ಲಿ ಕಿತ್ತುಹಾಕಿದ್ದಾರೆ. ಅಂದರೆ 64 ಆಗಲಿ 65 ಆಗಲಿ, ಪ್ರಕಾಶಕರಿಗೆ ಮಾರಿರಲಿ ಬಿಡಲಿ, ಆ ಒಂದು ಸಾಲನ್ನು ಮಗ ಕೇಳಬಹುದು.

ಈ ತಾಲೂಕಿನಲ್ಲಿ ಚಿಟ್ಟಾಣಿಯವರ ಭಸ್ಮಾಸುರ, ಕೀಚಕ ಗೊತ್ತಿಲ್ಲದವರಿಲ್ಲ. 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಕೆರೆಮನೆ ಶಿವರಾಮ ಹೆಗಡೆಯವರ ಹೆಸರು ಮಕ್ಕಳಿಗೂ ಗೊತ್ತು. ಪದ್ಯ ಬರೆದವರ ಹೆಸರು? ನನಗೇ ಗೊತ್ತಿರಲಿಲ್ಲ, ಅರವತ್ತನಾಲ್ಕು ಪುಟ ಮೂವತ್ತು ಸಲ ಯಂತ್ರಕ್ಕೆ ಕೊಟ್ಟವಳಿಗೆ. ಮುದ್ದಣ ತಾನು ಬರೆದದ್ದನ್ನೇ ಹಳೇ ಕವಿಯದ್ದೆಂದು ಹೇಳಿ ಮೈಸೂರಿಗೆ ಕಳಿಸಿದ. ಅದು ಅವನೇ ಮುಚ್ಚಿಕೊಂಡದ್ದು. ಇದು ಐಸ್‌ಕ್ರೀಮಿಗಾಗಿ ನಾನು ಮುಚ್ಚಿದ್ದು.

ಮುಂಬೈಗೆ ಫೋನ್ ಮಾಡಿದೆ. ಎತ್ತಲಿಲ್ಲ. ಎರಡು ಸಲ.

ಮೇ 2, ಶುಕ್ರವಾರ

ಹ್ಯಾಂಡ್‌ಬಿಲ್ ಹೊಸದಾಗಿ ಮಾಡಿದೆ, ನನ್ನ ಖರ್ಚಿನಲ್ಲಿ. ಐಸ್‌ಕ್ರೀಮಿನವರು ಜಾಗ ಕಡಿಮೆಯಾಯಿತೆಂದು ಮುನಿಸಿಕೊಂಡರು. ಪ್ರಸಂಗದ ಹೆಸರಿನ ಕೆಳಗೇ ಕವಿಯ ಹೆಸರು. ಟೈಪ್ ಮಾಡುವಾಗ ಸಂಶಯ: ಪುಸ್ತಕದಲ್ಲಿ ಹೆಸರು ಎರಡು ರೀತಿ ಅಚ್ಚಾಗಿದೆ, ರಟ್ಟಿನ ಮೇಲೆ ಒಂದು, ಮಂಗಳಪದ್ಯದಲ್ಲಿ ಒಂದು. ಕುಮಟಾಕ್ಕೆ ಫೋನ್ ಮಾಡಿ ಅಕ್ಕನನ್ನು ಕೇಳಿದೆ. ಮಂಗಳಪದ್ಯದಲ್ಲಿ ಇದ್ದ ಹಾಗೇ ಹಾಕು ಎಂದರು. ಅದನ್ನೇ ಅವರು ಬರೆದದ್ದು, ರಟ್ಟಿನದ್ದು ಪ್ರೆಸ್ಸಿನವರದ್ದು.

ಫೋಟೋ ತೆಗೆದು ಮುಂಬೈಯ ನಂಬರಿಗೆ ಕಳಿಸಿದೆ. ಜೊತೆಗೆ ಬರೆದೆ: ಮೂವತ್ತು ಪ್ರತಿ ಮಾಡಿದ್ದೇನೆ. ಹೆಸರು ತೆಗೆದದ್ದು ನಾನು, ಮೇಷ್ಟ್ರಲ್ಲ. ಪ್ರತಿಗಳನ್ನು ವಾಪಸ್ ತಗೊಳ್ಳಬೇಕೆಂದರೆ ತಗೊಳ್ಳುತ್ತೇನೆ.

ನೀಲಿ ಗೆರೆ ಬಂತು. ಉತ್ತರ ಇಲ್ಲ.

ಮೇ 4, ಭಾನುವಾರ, ರಾತ್ರಿ 12

ಆಟ ಮುಗಿಯಿತು. ಏಳಕ್ಕೆ ಗುಡುಗು, ಎಂಟಕ್ಕೆ ಮಳೆ. ಶೀಟಿನ ಮೇಲೆ ಸದ್ದಿಗೆ ಚಂಡೆಯೂ ಕೇಳದಷ್ಟು. ಅರ್ಧ ಜನ ಎದ್ದುಹೋದರು.

ಅಕ್ಕ ಬಂದಿದ್ದರು, ಮುಂದಿನ ಸಾಲಿನಲ್ಲಿ. ಶುರುವಿಗೆ ಮೇಷ್ಟ್ರು ಕವಿಯ ಹೆಸರು ಹೇಳಿದರು. ಕುಶ ಆದ ಹುಡುಗಿಗೆ ಹನ್ನೊಂದು ವರ್ಷ. ಕಿರೀಟ ಸ್ವಲ್ಪ ದೊಡ್ಡದು, ಕುಣಿಯುವಾಗ ಒಂದು ಕೈ ಅದರ ಮೇಲೇ. ನೇರಳೆ ಶಾಯಿಯ ಪದ್ಯ ಬಂದಾಗ ಮಳೆ ನಿಂತಿತ್ತು. ಅಕ್ಕನ ತುಟಿ ಅಲ್ಲಾಡುತ್ತಿತ್ತು, ಭಾಗವತರಿಗಿಂತ ಅರ್ಧ ಮಾತು ಮುಂದೆ.

ಆಮೇಲೆ ಹತ್ತಿರ ಹೋಗಿ ಕೇಳಿದೆ, ಅದು ಯಾರದ್ದೆಂದು ಏನಾದರೂ ನೆನಪಾಯಿತಾ?

"ಇಲ್ಲೆ ತಂಗಿ," ಅಂದರು.

ಪುಸ್ತಕವನ್ನು ಮೇಷ್ಟ್ರ ಒಪ್ಪಿಗೆ ಕೇಳಿ ಅವರ ಕೈಗೇ ಕೊಟ್ಟುಬಂದೆ. 41ನೇ ಪುಟವನ್ನು ಮಾತ್ರ ಇಲ್ಲಿ ಕೈಯಲ್ಲಿ ನಕಲು ಮಾಡಿಕೊಂಡಿದ್ದೇನೆ. ಪದ್ಯದ ಕೆಳಗೆ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ.

ಹನ್ನೆರಡೂ ಹತ್ತು. ಮುಂಬೈಯ ನಂಬರಿನಿಂದ ಮೆಸೇಜು: "ಡಿಸೆಂಬರಿಗೆ ಊರಿಗೆ ಬರ್ತೇನೆ."